ವೆಬ್ ಪುಟದಾಗ ಕೋಡ್ ಹೆಂಗ ಹಾಕ್ತೀರಿ? ಅನುಭವ ಹೇಳ್ರಿ

ಡಿಪ್ಲೊಮಾ ಉಪನ್ಯಾಸಕಿ, ವಿಜಯಪುರ:
ಸಿ ಪ್ರೋಗ್ರಾಮಿಂಗ್ ಪಾಠದ ಟಿಪ್ಪಣಿ ಕನ್ನಡದಾಗ ಬರ್ದು ವೆಬ್ ಪುಟಕ್ಕ ಹಾಕಾಕತ್ತೀನಿ. ಎಚ್‌ಟಿಎಂಎಲ್‌ನ ಕೋಡ್ ಟ್ಯಾಗ್ ಹಾಕಿದ್ರೂ ಸಾಲೆಲ್ಲ ಒಂದಕ್ಕೊಂದು ಅಂಟ್ಕೋತಾವ. ಇನ್‌ಕ್ಲೂಡ್ ಮುಂದಿನ ಎಸ್‌ಟಿಡಿಐಓ ಡಾಟ್ ಎಚ್ ಅಂತೂ ಮಾಯನ ಆಗ್ತದ. ನಮ್ಮ ಹುಡುಗರು ಓದೋದು ಮೊಬೈಲ್‌ನಾಗ.

ವೆಬ್ ಡೆವಲಪರ್, ಬೆಳಗಾವಿ:
ಮೇಡಂ, ಕೋಡ್ ಟ್ಯಾಗ್ ಒಂದ ಸಾಲಂಗಿಲ್ಲ. ಸಾಲು, ಖಾಲಿ ಜಾಗ ಇದ್ದಂಗ ಉಳಿಸೋದು ಪ್ರಿ ಟ್ಯಾಗ್. ಹೊರಗ ಪ್ರಿ, ಒಳಗ ಕೋಡ್ ಇರ್ಲಿ. ವಾಕ್ಯದ ನಡುವ ಪ್ರಿಂಟ್‌ಎಫ್ ಅಂತ ಒಂದ ಪದ ಬಂದ್ರ ಬರೇ ಕೋಡ್ ಸಾಕು.

ಎಸ್‌ಟಿಡಿಐಓ ಡಾಟ್ ಎಚ್ ಅನ್ನೋ ಹೆಡರ್ ಹೆಸರು ಮಾಯ ಆಗೋದು, ಅದರ ಮುಂದ ಲೆಸ್ ದ್ಯಾನ್ ಚಿಹ್ನೆ ಇರೋದಕ್ಕ ಬ್ರೌಸರ್ ಅದನ್ನೂ ಟ್ಯಾಗ್ ಅಂತ ತಿಳ್ಕೊಳ್ಳೋದ್ರಿಂದ. ಪ್ರಿ ಒಳಗಿಟ್ರೂ ಇದು ತಪ್ಪಂಗಿಲ್ಲ. ಲೆಸ್ ದ್ಯಾನ್ ಚಿಹ್ನೆ ಇರೋ ಕಡೆ ಆಂಪರ್‌ಸ್ಯಾಂಡ್, ಎಲ್, ಟಿ, ಸೆಮಿಕೋಲನ್ ಬರೀರಿ. ಸ್ಕ್ಯಾನ್‌ಎಫ್‌ನ್ಯಾಗ ಬರೋ ಆಂಪರ್‌ಸ್ಯಾಂಡಿಗೆ ಆಂಪರ್‌ಸ್ಯಾಂಡ್, ಎ, ಎಂ, ಪಿ, ಸೆಮಿಕೋಲನ್. ಒಮ್ಮೆಲೇ ಎಲ್ಲಾ ಬದಲಿಸೋದಿದ್ರ ಮೊದ್ಲ ಆಂಪರ್‌ಸ್ಯಾಂಡ್ ಮುಗಿಸ್ರಿ. ಉಲ್ಟಾ ಮಾಡಿದ್ರ ಆ ಎಲ್‌ಟಿ ಅಕ್ಷರಗಳು ಹಂಗ ಪರದೆ ಮ್ಯಾಲ ಕಾಣ್ತಾವ.

ಮೊಬೈಲ್‌ಗೆ ಸಿಎಸ್‌ಎಸ್‌ನ್ಯಾಗ (ಪುಟದ ಅಂದ ಹೇಳೋ ಕಡತ) ಪ್ರಿ ಮ್ಯಾಲ ಓವರ್‌ಫ್ಲೋ-ಎಕ್ಸ್ ಆಟೋ ಕೊಡ್ರಿ. ಕೋಡ್ ಅಷ್ಟ ಪಕ್ಕಕ್ಕ ಸರೀತದ, ಪುಟ ಅಲ್ಲಾಡಂಗಿಲ್ಲ. ಕೋಡಿನ್ಯಾಗ ಟ್ಯಾಬ್ ಕೀ ಒತ್ತಿ ಬಿಟ್ಟ ಒಂದು ಜಾಗ ಬ್ರೌಸರ್‌ನ್ಯಾಗ 8 ಅಕ್ಷರದಷ್ಟು ಅಗಲ, ಸಣ್ಣ ಪರದೆಗೆ ಅದು ಭಾಳ ಆತು. ಟ್ಯಾಬ್-ಸೈಜ್ 2 ಮಾಡ್ರಿ.

ಪಾಲಿಟೆಕ್ನಿಕ್ ಉಪನ್ಯಾಸಕ, ಬಾಗಲಕೋಟೆ:
ಕೋಡಿಗೆ ಬಣ್ಣ ಹಚ್ಚಾಕ ಪ್ರಿಸಂ ಇಲ್ಲಾ ಹೈಲೈಟ್ ಜೆಎಸ್ ಅನ್ನೋ ಲೈಬ್ರರಿ ಹಾಕ್ರಿ. ಕೋಡ್ ಟ್ಯಾಗಿಗೆ ಲ್ಯಾಂಗ್ವೇಜ್-ಸಿ ಅನ್ನೋ ಕ್ಲಾಸ್ ಕೊಟ್ರ ಎರಡೂ ಗುರುತು ಹಿಡೀತಾವ. ಆದ್ರ ಥೀಮ್ ಆರಿಸೋವಾಗ ಕಾಮೆಂಟಿನ (ಕೋಡಿನ ನಡುವ ಬರ್ಯೋ ವಿವರಣೆ) ಬಣ್ಣ ನೋಡ್ರಿ. ಎಷ್ಟೋ ಥೀಮ್‌ನ್ಯಾಗ ಅದು ಮಸುಕು ಬೂದಿ ಬಣ್ಣ, ಸರಿಯಾಗಿ ಓದಾಕ ಹಿನ್ನೆಲೆ ಜೊತಿ ಬೇಕಾದ 4.5:1 ಕಾಂಟ್ರಾಸ್ಟ್ ಇರಂಗಿಲ್ಲ. ಕಲಿಯೋ ಹುಡುಗ ಮೊದ್ಲ ಓದೋದು ಕಾಮೆಂಟನ್ನ, ಅದ ಕಾಣ್ಲಿಲ್ಲಂದ್ರ ಹೆಂಗ್ರಿ?

ನೀವು ಕಾಮೆಂಟ್ ಕನ್ನಡದಾಗ ಬರೀತಿದ್ರ ಇನ್ನೊಂದು ಮಾತು. ಮಾನೋಸ್ಪೇಸ್ ಫಾಂಟ್‌ನ್ಯಾಗ (ಎಲ್ಲಾ ಅಕ್ಷರಕ್ಕೂ ಒಂದ ಅಗಲ ಇರೋದು) ಸಾಮಾನ್ಯವಾಗಿ ಕನ್ನಡ ಇರಂಗಿಲ್ಲ, ಬ್ರೌಸರ್ ಬ್ಯಾರೆ ಫಾಂಟ್ ತರ್ತದ. 'ಕ'ಗೂ 'ಕೋ'ಗೂ ಅಗಲ ಒಂದ ಅಲ್ಲ, ಹಿಂಗಾಗಿ ಸಾಲಿನ ಕೊನೀಗೆ ಜೋಡಿಸಿ ಬರ್ದ ಕಾಮೆಂಟ್ ಎಂದೂ ಸಾಲಾಗಿ ನಿಲ್ಲಂಗಿಲ್ಲ. ಕೋಡಿನ ಮ್ಯಾಲಿನ ಸಾಲಿನ್ಯಾಗ ಬರೀರಿ. ಫಾಂಟ್ ಪಟ್ಟಿಗೆ ನೋಟೋ ಸ್ಯಾನ್ಸ್ ಕನ್ನಡ ಸೇರಿಸ್ರಿ. ಲೈನ್-ಹೈಟ್ 1.7 ಇರ್ಲಿ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗಬಾರದು.

ಎಂಸಿಎ ವಿದ್ಯಾರ್ಥಿನಿ, ಬೆಳಗಾವಿ:
ಅಕ್ಕಾರ, ಪ್ರಿ ಟ್ಯಾಗಿಗೆ ಟ್ರಾನ್ಸ್‌ಲೇಟ್ ನೋ ಅನ್ನೋ ಗುಣ (ಆಟ್ರಿಬ್ಯೂಟ್) ಹಾಕ್ರಿ, ಇಲ್ಲಾಂದ್ರ ಬ್ರೌಸರಿನ ಅನುವಾದ ಕೋಡಿಗೂ ಕೈ ಹಾಕಬಹುದು. ವರ್ಡ್‌ನ್ಯಾಗ ಬರ್ದು ಪೇಸ್ಟ್ ಮಾಡಬ್ಯಾಡ್ರಿ, ಅದು ನೆಟ್ಟಗಿನ ಕೋಟ್ ಚಿಹ್ನೆಯನ್ನ ಡೊಂಕು ಮಾಡ್ತದ. ಹುಡುಗರು ಅದನ್ನ ಕಾಪಿ ಮಾಡಿ ಓಡಿಸಿದ್ರ ಕಂಪೈಲರ್ ಎರರ್ ಕೊಡ್ತದ.