ಮಕ್ಕಳ ಹೃದಯ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಮಕ್ಕಳ ಹೃದಯದ ಡಾಕ್ಟರ್ ಮೇಡಂ ಈಗ ಗುಂಪಿನಲ್ಲಿದ್ದಾರೆ. ಮಗುವಿನ ವಯಸ್ಸು, ತೂಕ, ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟಿನ ಕೊನೆಯ ನಾಲ್ಕು ಸಾಲು ಹಾಕಿ. ವಾಯ್ಸ್ ಮೆಸೇಜ್ ಬೇಡ. ಫಾರ್ವರ್ಡ್ ಬೇಡವೇ ಬೇಡ.

ತುಮಕೂರು: ಮೇಡಂ, 21 ವಾರದ ಸ್ಕ್ಯಾನಿನಲ್ಲಿ ಮಗುವಿನ ಹೃದಯದಲ್ಲಿ ಬಿಳಿ ಚುಕ್ಕೆ ಇದೆ ಅಂದರು. ತೂತಾ?

ಡಾಕ್ಟರ್: ತೂತಲ್ಲ. ಕವಾಟದ ದಾರ ಹಿಡಿಯುವ ಸ್ನಾಯುವಿನಲ್ಲಿ ಒಂದು ಸುಣ್ಣದ ಚುಕ್ಕೆ, ಅಷ್ಟೇ. ಡೌನ್ ಸಿಂಡ್ರೋಮ್ ಸ್ಕ್ರೀನಿಂಗ್ ಕಡಿಮೆ ರಿಸ್ಕ್ ಬಂದಿದ್ದು, ಉಳಿದ ಸ್ಕ್ಯಾನ್ ಸರಿಯಿದ್ದರೆ ಮರೆತುಬಿಡಿ.

ಹಾಸನ: ಒಂದು ವರ್ಷದ ಮಗಳು, ಎಎಸ್‌ಡಿ (ಹೃದಯದ ಮೇಲಿನ ಕೋಣೆಗಳ ನಡುವೆ ತೂತು) 4 ಎಂಎಂ. ತೂಕ ಚೆನ್ನಾಗಿದೆ. ಆಪರೇಷನ್ ಬೇಕಾ?

ಡಾಕ್ಟರ್: ಈಗ ಬೇಡ. 3 ವರ್ಷಕ್ಕೆ ಮತ್ತೆ ಎಕೋ. ಈ ಅಳತೆಯವು ಎಷ್ಟೋ ಸಲ ತಾವೇ ಮುಚ್ಚಿಕೊಳ್ಳುತ್ತವೆ.

ಸಿಂಧನೂರು: ಮೇಡಂ, ಮಗನಿಗೆ 7 ತಿಂಗಳು, 6.4 ಕೆಜಿ. ಟೆಟ್ರಾಲಜಿ (ಹುಟ್ಟಿನಿಂದ್ಲೇ ಹೃದಯದಾಗ ನಾಕು ದೋಷ) ಅಂತ ಹೇಳ್ಯಾರ, ವರ್ಷ ತುಂಬಿದ ಮ್ಯಾಲೆ ಆಪರೇಷನ್ ಅಂದಾರ. ಮುಂಜಾನಿ ಎದ್ದ ಕೂಡಲೇ ಅಳ್ತಾನ, ಜೋರ್ ಜೋರ್ ಉಸಿರು ಎಳಿತಾನ, ತುಟಿ ಉಗುರು ಕಪ್ಪಾಗ್ತಾವ, ಆಮ್ಯಾಲೆ ಸುಸ್ತಾಗಿ ಮಲಗಿಬಿಡ್ತಾನ. ಈ ವಾರ ಮೂರು ಸಲ ಆತು. ಅತ್ತಿ ಸಿಟ್ಟಿಗೆ ಹಂಗ ಮಾಡ್ತಾನ ಅಂತಾರ. ರಕ್ತ ನಾರ್ಮಲ್ ಐತಿ, ಎಚ್‌ಬಿ (ಹಿಮೋಗ್ಲೋಬಿನ್) 11.2.

ಡಾಕ್ಟರ್: ಸಿಂಧನೂರಿನವರೇ, ಇದು ಸಿಟ್ಟಲ್ಲ, ಸ್ಪೆಲ್, ಅಂದರೆ ಆಕ್ಸಿಜನ್ ಏಕಾಏಕಿ ಇಳಿದು ಮಗು ನೀಲಿಗಟ್ಟುವುದು. ಮಿಕ್ಕವರು ಸ್ವಲ್ಪ ಕಾಯಿರಿ.

ಟೆಟ್ರಾಲಜಿಯಲ್ಲಿ ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ, ಕವಾಟದ ಕೆಳಗೇ ಸ್ನಾಯು ದಪ್ಪಗಾಗಿ ಕಿರಿದಾಗಿರುತ್ತದೆ. ಅತ್ತಾಗ, ಮುಕ್ಕಿದಾಗ, ಜ್ವರ ಭೇದಿಯಲ್ಲಿ ಮೈಯ ನೀರು ಇಳಿದಾಗ ದಾರಿ ಇನ್ನೂ ಬಿಗಿಯುತ್ತದೆ. ಆಗ ಆಕ್ಸಿಜನ್ ಕಡಿಮೆಯಿರುವ ನೀಲಿ ರಕ್ತ ಹೃದಯದ ಕೆಳ ಕೋಣೆಗಳ ನಡುವಿನ ತೂತಿನಿಂದ ನೇರವಾಗಿ ಮೈಗೆ ನುಗ್ಗುತ್ತದೆ. ಸಿಟ್ಟಿನ ಅಳುವಿನಲ್ಲಿ ಮಗು ಉಸಿರು ಕಟ್ಟುತ್ತದೆ. ಸ್ಪೆಲ್‌ನಲ್ಲಿ ಉಸಿರು ಆಳವಾಗಿ, ವೇಗವಾಗಿ ಓಡುತ್ತದೆ. ನೀವು ಬರೆದಿರುವುದು ಎರಡನೆಯದು. ಆ ಹೊತ್ತಿಗೆ ಎದೆಯ ಮರ್ಮರ್ ಸದ್ದು ಇಳಿಯುತ್ತದೆ, ಅದನ್ನು ಯಾರಾದರೂ ಸುಧಾರಣೆ ಅಂದರೆ ನಂಬಬೇಡಿ.

ಮತ್ತೆ ಬಂದರೆ: ಮಗುವನ್ನು ಹೆಗಲ ಮೇಲೆ ನೆಟ್ಟಗೆ ಎತ್ತಿಕೊಂಡು ಓಡಾಡಬೇಡಿ. ಎದೆಗವಚಿಕೊಂಡು ಎರಡೂ ಮೊಣಕಾಲು ಮಡಿಚಿ ಅವನ ಎದೆಗೆ ಒತ್ತಿ ಹಿಡಿಯಿರಿ. ಕಾಲಿನ ರಕ್ತನಾಳ ಮಡಿಚಿಕೊಂಡು ಮೈಯ ಒತ್ತಡ ಏರುತ್ತದೆ, ರಕ್ತಕ್ಕೆ ಶ್ವಾಸಕೋಶದ ದಾರಿಯೇ ಸುಲಭವಾಗುತ್ತದೆ. ಮನೆಯಲ್ಲಿ ಒಬ್ಬರೇ ಹತ್ತಿರ ಇರಿ, ಗದ್ದಲ ಬೇಡ, ಬಾಯಿಗೆ ಏನೂ ಹಾಕಬೇಡಿ. ಐದು ನಿಮಿಷದಲ್ಲಿ ಬಣ್ಣ ತಿರುಗದಿದ್ದರೆ, ಮೈ ಜೋತುಬಿದ್ದರೆ ಅಥವಾ ಫಿಟ್ಸ್ ಬಂದರೆ ಆಕ್ಸಿಜನ್ ಇರುವ ಹತ್ತಿರದ ಆಸ್ಪತ್ರೆಗೆ. ಆ ಸ್ಥಿತಿಯಲ್ಲಿ ಸೀದಾ ಬೆಂಗಳೂರಿಗೆ ಹೊರಡಬೇಡಿ. ಒಂದು ಚೀಟಿಯಲ್ಲಿ ಬರೆದಿಡಿ: "ಟೆಟ್ರಾಲಜಿ, ಸಯನೋಟಿಕ್ ಸ್ಪೆಲ್, 6.4 ಕೆಜಿ." ಡ್ಯೂಟಿ ಡಾಕ್ಟರಿಗೆ ಅದೇ ಸಾಕು, ಆಕ್ಸಿಜನ್, ಡ್ರಿಪ್, ಮಾರ್ಫಿನ್ ಅವರು ನೋಡಿಕೊಳ್ಳುತ್ತಾರೆ.

ಎಚ್‌ಬಿ 11.2 ಬೇರೆ ಮಗುವಿಗೆ ನಾರ್ಮಲ್. ಆಕ್ಸಿಜನ್ ಕಡಿಮೆ ಇರುವ ಮಗು ಅದನ್ನು ಸರಿತೂಗಿಸಲು ರಕ್ತ ಹೆಚ್ಚು ಮಾಡಿಕೊಳ್ಳಬೇಕು, 15ರ ಆಸುಪಾಸು ಇರಬೇಕು. ನಿಮ್ಮ ಮಗನಿಗೆ ರಕ್ತಹೀನತೆ ಇದೆ, ಲ್ಯಾಬಿನ ಕಾಗದ ಏನೇ ಹೇಳಲಿ. ಅದೇ ಸ್ಪೆಲ್‌ ಹೆಚ್ಚಿಸುತ್ತದೆ. ಕಬ್ಬಿಣದ ಹನಿ ಕಿಲೋಗೆ ದಿನಕ್ಕೆ 3 ಮಿಲಿಗ್ರಾಂ ಲೆಕ್ಕದಲ್ಲಿ ಬರೆಸಿಕೊಳ್ಳಿ. ಹಾಲು, ರಾಗಿ ಸರಿಯ ಜೊತೆ ಕೊಡಬೇಡಿ. ಮಲ ಕಪ್ಪಾದರೆ ಗಾಬರಿ ಬೇಡ. ಸ್ಪೆಲ್ ತಡೆಯುವ ಔಷಧಿ ಪ್ರೊಪ್ರಾನೊಲಾಲ್ ಶುರು ಮಾಡಿದರೆ ಹಾಲು ಕುಡಿಸಿದ ಮೇಲೆಯೇ ಕೊಡಿ, ಹಸಿದ ಹೊಟ್ಟೆಯಲ್ಲಿ ಸಕ್ಕರೆ ಇಳಿಯುತ್ತದೆ. ಕುಡಿಯದೆ ವಾಂತಿ ಮಾಡುತ್ತಿದ್ದರೆ ಕೊಡುವ ಮೊದಲು ಫೋನ್ ಮಾಡಿ ಕೇಳಿ. ಹೇಳದೆ ಕೇಳದೆ ಒಮ್ಮೆಲೇ ನಿಲ್ಲಿಸುವುದಂತೂ ಬೇಡ.

ವಾರದಲ್ಲಿ ಮೂರು ಸ್ಪೆಲ್ ಬಂದ ಮಗು ವರ್ಷ ತುಂಬುವವರೆಗೆ ಕಾಯುವ ಮಗುವಲ್ಲ. ಇವತ್ತೇ ಜಿಲ್ಲಾಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿಸಿ, ಅಲ್ಲಿಂದ ರೆಫರ್ ಆಗಲಿ. ಶಂಟೋ (ಶ್ವಾಸಕೋಶಕ್ಕೆ ರಕ್ತ ಒಯ್ಯುವ ಕೊಳವೆ), ಸ್ಟೆಂಟೋ (ದಾರಿ ತೆರೆದಿಡುವ ಜಾಲರಿ), ಪೂರ್ತಿ ರಿಪೇರಿಯೋ ಅಲ್ಲಿ ತೀರ್ಮಾನಿಸುತ್ತಾರೆ. ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ಕಾರ್ಯಕ್ರಮ) ತಂಡಕ್ಕೂ ಹೇಳಿ, ಹುಟ್ಟಿನಿಂದ 18 ವರ್ಷದವರೆಗೆ ಅವರ ವ್ಯಾಪ್ತಿ.

ಶಿರಸಿ: *ಫಾರ್ವರ್ಡ್* ಹೃದಯದ ತೂತಿಗೆ ರಾಮಬಾಣ! ಅರ್ಜುನ ತೊಗಟೆ, ಬೆಳ್ಳುಳ್ಳಿ ರಸ, ಜೇನು 48 ದಿನ. ತೂತು ಮಾಯ. ಎಲ್ಲರಿಗೂ ಹಂಚಿ 🙏

ಡಾಕ್ಟರ್: ಹಂಚಬೇಡಿ. ವರ್ಷದೊಳಗಿನ ಮಗುವಿಗೆ ಜೇನು ಬಾಟುಲಿಸಂ (ಸ್ನಾಯುಗಳನ್ನು ಸೋಲಿಸುವ ವಿಷಬಾಧೆ) ತರಬಹುದು. ಕಷಾಯ ಕುಡಿಸಿ ಹಾಲು ಬಿಡಿಸಿದರೆ ಇರುವ ತೂಕವೂ ಹೋಗುತ್ತದೆ.

ಶಿರಸಿ: ನಮ್ಮ ಅಕ್ಕನ ಮಗುವಿಗೆ ಇದರಿಂದಲೇ 8 ತಿಂಗಳಲ್ಲಿ ಮುಚ್ಚಿದೆ ಮೇಡಂ. ಕಣ್ಣಾರೆ ಕಂಡಿದ್ದು.

ಡಾಕ್ಟರ್: ಸ್ನಾಯುವಿನ ನಡುವಿನ ಸಣ್ಣ ವಿಎಸ್‌ಡಿ (ಕೆಳ ಕೋಣೆಗಳ ನಡುವಿನ ತೂತು) ನೀರು ಕುಡಿಸಿದರೂ ಮುಚ್ಚುತ್ತದೆ. ದೊಡ್ಡದಾದರೆ 4ರಿಂದ 8 ವಾರಕ್ಕೆ ಮಗು ಹಾಲು ಕುಡಿಯುವಾಗ ಹಣೆ ಬೆವರುತ್ತದೆ, ಎರಡು ಗುಟುಕಿಗೊಮ್ಮೆ ನಿಲ್ಲಿಸುತ್ತದೆ, ತೂಕ ಏರುವುದಿಲ್ಲ. ಅಂಥ ಮಗುವಿಗೆ 48 ದಿನ ಕಷಾಯ ಅಂದರೆ 48 ದಿನ ದಂಡ.

ಬಳ್ಳಾರಿ: ಆಪರೇಷನ್ ಮಾಡಿದ್ರೇ ತಾನೇ ಇವರಿಗೆಲ್ಲ ದುಡ್ಡು.

ಹುಬ್ಬಳ್ಳಿ: ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಗೆ ಹೋಗಿ ಬಿಲ್ ಕೌಂಟರ್ ಎಲ್ಲಿದೆ ಹುಡುಕ್ಕೊಂಡು ಬರ್ರಿ, ಆಮೇಲೆ ಮಾತಾಡ್ರಿ.

ಬಳ್ಳಾರಿ: ಅಲ್ಲಿ ಡೇಟ್ ಸಿಗೋದು ಯಾವಾಗ? ನಿಮಗೇನು ಗೊತ್ತು?

ಹುಬ್ಬಳ್ಳಿ: ನಿಮ್ಮ ತೊಗಟೆಗಿಂತ ಬೇಗ ಸಿಗ್ತದ.

ಶಿರಸಿ: ತೊಗಟೆ ಅವರದಲ್ಲ, ನಂದು. ಆಯುರ್ವೇದಕ್ಕೆ ಮರ್ಯಾದೆ ಕೊಟ್ಟು ಮಾತಾಡಿ.

ದಾವಣಗೆರೆ: ಪಿಡಿಎ (ಹುಟ್ಟಿದ ಮೇಲೂ ಮುಚ್ಚದ ರಕ್ತನಾಳ) ಮುಚ್ಚಲು ಡಿವೈಸ್ ಹಾಕಿ ಏಳು ತಿಂಗಳು. ಶಾಲೆಯಲ್ಲಿ ಪಿಟಿಗೆ ಬಿಡಬಹುದಾ?

ಮಂಡ್ಯ: 11 ವರ್ಷದ ಮಗನಿಗೆ ರುಮ್ಯಾಟಿಕ್ ಹೃದಯ ಕಾಯಿಲೆ, ಕವಾಟ ಸೋರ್ತಿದೆ. 21 ದಿನಕ್ಕೊಂದು ಪೆನಿಸಿಲಿನ್, ತುಂಬ ನೋವು ಅಂತಾನೆ. ಕೀಲುನೋವೇ ಇಲ್ಲವಲ್ಲ, ನಿಲ್ಲಿಸಲಾ?

ಡಾಕ್ಟರ್: ನಿಲ್ಲಿಸಬೇಡಿ. ಇಂಜೆಕ್ಷನ್ ಕೀಲಿಗಲ್ಲ, ಮುಂದಿನ ಗಂಟಲು ಸೋಂಕು ಕವಾಟವನ್ನು ಇನ್ನಷ್ಟು ಕೆಡಿಸದಿರಲಿ ಅಂತ. ಕವಾಟಕ್ಕೆ ಪೆಟ್ಟಾಗಿದ್ದರೆ ಕಡಿಮೆಯೆಂದರೂ 10 ವರ್ಷ. 27 ಕೆಜಿ ದಾಟಿದ್ದರೆ 12 ಲಕ್ಷ ಯೂನಿಟ್. ನೋವಿಗೆ ಔಷಧಿಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ನಿಧಾನ ಹಾಕಲು ಸಿಸ್ಟರಿಗೆ ಹೇಳಿ.

ಕೋಲಾರ: 20 ವಾರದ ಸ್ಕ್ಯಾನ್‌ನಲ್ಲಿ ಬಿಳಿ ಚುಕ್ಕೆ...

ಡಾಕ್ಟರ್: ಮೇಲೆ ಓದಿ.

ಮೈಸೂರು: ತಂಗಿಗೆ 24 ವರ್ಷ. 4ನೇ ವಯಸ್ಸಿನಲ್ಲಿ ಟೆಟ್ರಾಲಜಿ ಆಪರೇಷನ್ ಆಗಿದೆ. 12 ವರ್ಷದಿಂದ ಚೆಕಪ್ ಇಲ್ಲ, ಆರಾಮಾಗಿದ್ದಾಳೆ. ಮದುವೆ ಗೊತ್ತಾಗಿದೆ, ಸಮಸ್ಯೆ ಇಲ್ಲ ತಾನೇ?

ಡಾಕ್ಟರ್: ಮದುವೆಗೆ ಸಮಸ್ಯೆ ಇಲ್ಲ. ಚೆಕಪ್ ಬಿಟ್ಟಿದ್ದು ಸಮಸ್ಯೆ. ಕಿರಿದಾದ ದಾರಿಯನ್ನು ಅಗಲ ಮಾಡಿದ ಮೇಲೆ ಸಾಮಾನ್ಯವಾಗಿ ಪಲ್ಮನರಿ ಕವಾಟ ಸೋರುತ್ತದೆ, ಬಲ ಕುಹರ ಸದ್ದಿಲ್ಲದೆ ಹಿಗ್ಗುತ್ತದೆ. ಸುಸ್ತು ಕಾಣಿಸುವ ಹೊತ್ತಿಗೆ ತಡವಾಗಿರುತ್ತದೆ. ಎಕೋ, ಇಸಿಜಿ, ಹೋಲ್ಟರ್ (ದಿನವಿಡೀ ಇಸಿಜಿ), ಹೃದಯದ ಎಂಆರ್‌ಐ ಮಾಡಿಸಿ. ಇಸಿಜಿಯಲ್ಲಿ ಕ್ಯುಆರ್‌ಎಸ್ (ಕುಹರಗಳಿಗೆ ವಿದ್ಯುತ್ ಹರಡುವ ಹೊತ್ತು) 180 ಮಿಲಿಸೆಕೆಂಡ್ ದಾಟಿದ್ದರೆ ಹೃದಯದ ಡಾಕ್ಟರನ್ನು ಕಾಣುವುದನ್ನು ಮುಂದೂಡಬೇಡಿ. ಕವಾಟ ಬದಲಿಸಬೇಕಿದ್ದರೆ ಬಸಿರಿಗೆ ಮೊದಲು ತೀರ್ಮಾನವಾಗಲಿ. ಬಸಿರಾದಾಗ 18ರಿಂದ 22 ವಾರದೊಳಗೆ ಫೀಟಲ್ ಎಕೋ (ಹೊಟ್ಟೆಯೊಳಗಿನ ಮಗುವಿನ ಹೃದಯದ ಸ್ಕ್ಯಾನ್).

ಶಿರಸಿ: ಎಂಆರ್‌ಐ, ಹೋಲ್ಟರ್, ಎಕೋ... ಲಿಸ್ಟ್ ನೋಡಿದ್ರಾ? 😄

ಡಾಕ್ಟರ್: ಅಡ್ಮಿನ್, ಇವರನ್ನು ತೆಗೆಯಿರಿ, ಇಲ್ಲವೇ ನನ್ನನ್ನು.

ಬೀದರ್: ಮೇಡಂ, ಬಿಳಿ ಚುಕ್ಕೆಗೆ ಮಾತ್ರೆ ಇದೆಯಾ?

ಸಿಂಧನೂರು: ಮೇಡಂ, ರಾಯಚೂರಿಗೆ ಹೊಂಟೀವಿ. ಪಕ್ಕದ ಮನಿಯವ್ರು ಅವರ ಮಗುವಿನ ಹೃದಯದ ಹನಿ ಕೊಟ್ಟಾರ, ಡಿಗಾಕ್ಸಿನ್ ಅಂತ ಬರದೈತಿ. ದಾರ್ಯಾಗ ಕೊಡ್ಲೇನ್ರಿ?

ಡಾಕ್ಟರ್: ಕೊಡಲೇಬೇಡಿ! ಅದು ಹೃದಯದ ಹಿಂಡುವ ಬಲ ಹೆಚ್ಚಿಸುತ್ತದೆ, ನಿಮ್ಮ ಮಗನ ಕಿರಿದಾದ ದಾರಿ ಇನ್ನೂ ಬಿಗಿಯುತ್ತದೆ. ಬಾಟಲಿ ವಾಪಸ್ ಕೊಟ್ಟು ಹೊರಡಿ. ದಾರಿಯಲ್ಲಿ ಎದೆಹಾಲು ತಪ್ಪಿಸಬೇಡಿ, ನೆತ್ತಿ ಬಿಸಿಲಿಗೆ ಒಡ್ಡಬೇಡಿ, ಮೊಣಕಾಲು ಮಡಿಚಿಯೇ ತೊಡೆಯ ಮೇಲೆ ಕೂರಿಸಿಕೊಳ್ಳಿ.