ಬೆಂಗಳೂರಿಗೆ ನಿಜವಾಗಿಯೂ ಇನ್ನೊಂದು ವಿಮಾನ ನಿಲ್ದಾಣ ಬೇಕಾ? ಅನುಭವ ಇರುವವರು ದಯವಿಟ್ಟು ಹೇಳಿ

ಕೇಳಿದವರು: ಸೋಲೂರು ಹೋಬಳಿಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮದು ನೆಲಮಂಗಲ–ಕುಣಿಗಲ್ ರಸ್ತೆ ಪಕ್ಕದ ಊರು. ಮನೆತನದ ಜಮೀನು 3 ಎಕರೆ 10 ಗುಂಟೆ. ರಾಗಿ, ಅವರೆ ಬೆಳೀತೀವಿ, ಬದುವಿನ ಮೇಲೆ ಹಲಸು, ಸ್ವಲ್ಪ ತೆಂಗು. ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆ ಮೂರು ಜಾಗ ನೋಡಿದ್ದಾರೆ. ಕನಕಪುರ ರಸ್ತೆಯ ಚೂಡಹಳ್ಳಿ, ಸೋಮನಹಳ್ಳಿ, ಮತ್ತೆ ನಮ್ಮ ಕಡೆ ಚಿಕ್ಕಸೋಲೂರು. 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ನೋಡಿಕೊಂಡು ಹೋದಾಗಿನಿಂದ ಊರಲ್ಲಿ ಬೇರೆ ಮಾತೇ ಇಲ್ಲ. ಬ್ರೋಕರ್‌ಗಳು ವಾರಕ್ಕೊಬ್ಬರು ಬರ್ತಾರೆ. ಅಣ್ಣ ಈಗಲೇ ಮಾರೋಣ ಅಂತಾನೆ, ಅಪ್ಪ ಸುತರಾಂ ಒಪ್ಪಲ್ಲ. ಮುಂದಿನ ವಾರ ಊರಿನವರೆಲ್ಲ ಅರಳಿಕಟ್ಟೆ ಹತ್ರ ಸೇರ್ತೀವಿ, ನಾನೂ ಮಾತಾಡಬೇಕು. ಬರೀ ಬೇಡ ಅನ್ನೋದಕ್ಕೂ ಮನಸ್ಸು ಒಪ್ತಿಲ್ಲ, ಬೇಕಾಗಿರೋರೂ ಇರ್ತಾರಲ್ಲ. ದಿನಾ ವಿಮಾನ ಹತ್ತೋರು, ಅಲ್ಲಿ ಕೆಲಸ ಮಾಡಿದೋರು, ಜಮೀನು ಬಿಟ್ಟುಕೊಟ್ಟೋರು ನಿಮ್ಮ ಅನುಭವ ಬರೀರಿ.

ಬೊಮ್ಮಸಂದ್ರದಿಂದ

ನಾ ಬೆಳಗಾವಿ ಕಡೆಯಾಕಿ, 11 ವರ್ಷ ಆತು ಬೊಮ್ಮಸಂದ್ರದಾಗ ಇದ್ದೀನಿ. ಬೇಕ್ರಿ, ಖಂಡಿತ ಬೇಕು. ಹೋದ ವರ್ಷ ಅವ್ವಗ ಒಮ್ಮಿಂದೊಮ್ಮೆಲೆ ಆರಾಮ ತಪ್ಪಿತು. ಮಧ್ಯಾಹ್ನ ಫೋನ್ ಬಂತು. ಸಂಜಿ ವಿಮಾನಕ್ಕ ಟಿಕೆಟ್ ತಗೊಂಡು ಮೂರೂವರೆ ತಾಸು ಮೊದಲ ಮನಿ ಬಿಟ್ಟೆ. ಸಿಲ್ಕ್ ಬೋರ್ಡ್ ದಾಟೂದ್ರಾಗ ಒಂದು ತಾಸು ಹೋತು, ಹೆಬ್ಬಾಳದಾಗ ಮತ್ತ ಮುಕ್ಕಾಲು ತಾಸು. ನಾ ಮುಟ್ಟೂದ್ರಾಗ ಕೌಂಟರ್ ಬಂದ್ ಮಾಡಿ ಹತ್ತು ನಿಮಿಷ ಆಗಿತ್ತು. ಅದ ರಾತ್ರಿ ಬಸ್ ಹತ್ತಿ ಮುಂಜಾನೆ ದವಾಖಾನಿ ಮುಟ್ಟಿದೆ. ಅವ್ವ ಉಳಕೊಂಡ್ಲು, ಆದ್ರ ಆ ರಾತ್ರಿ ಮರಿಯಾಕ ಆಗಂಗಿಲ್ಲ.

2025ರ ಆಗಸ್ಟ್‌ದಾಗ ಹಳದಿ ಮೆಟ್ರೊ ಬಂದಮ್ಯಾಲೆ ಆರ್.ವಿ. ರಸ್ತೆ ತನಕ ಸಲೀಸು. ಅಲ್ಲಿಂದ ಹಸಿರು ಮಾರ್ಗ ಹಿಡದು ಮೆಜೆಸ್ಟಿಕ್, ಮತ್ತ ಅಲ್ಲಿಂದ ವಾಯು ವಜ್ರ ಬಸ್. ಎರಡು ಬ್ಯಾಗ್, ಒಂದು ಕೂಸು ಇದ್ರ ಇದು ಆಗೂ ಮಾತಲ್ಲ.

ಆದ್ರ ತಮ್ಮಾ, ಖರೇ ಹೇಳ್ತೀನಿ. ನಿಮ್ಮ ಊರಿನ ಕಡೆ ಮಾಡಿದ್ರ ನನಗ ಏನೂ ಉಪಯೋಗ ಆಗಂಗಿಲ್ಲ. ಇಲ್ಲಿಂದ ಸೋಲೂರಿಗೆ ಬರೂದೂ ದೇವನಹಳ್ಳಿಗೆ ಹೋಗೂದೂ ಎರಡೂ ದೊಡ್ಡ ಪ್ರವಾಸನ. ನಮಗ ಹತ್ತರ ಅಂದ್ರ ಹೊಸೂರು. ಅಲ್ಲಿ 2,000 ಎಕರೆದಾಗ ವರ್ಷಕ್ಕ 3 ಕೋಟಿ ಮಂದಿಯ ವಿಮಾನ ನಿಲ್ದಾಣ ಮಾಡ್ತೀವಿ ಅಂತ ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಸ್ಟಾಲಿನ್ 2024ರ ಜೂನ್‌ದಾಗ ವಿಧಾನಸಭೆಯೊಳಗ ಹೇಳಿದ್ರು.

ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡಿದವರು

14 ವರ್ಷ ಗ್ರೌಂಡ್ ಹ್ಯಾಂಡ್ಲಿಂಗ್‌ನಲ್ಲಿದ್ದೆ, ಅಂದರೆ ನೆಲದ ಮೇಲೆ ನಿಂತ ವಿಮಾನದ ಕೆಲಸ. ಮೊದಲು ಎಚ್‌ಎಎಲ್ ನಿಲ್ದಾಣ, 2008ರ ಮೇ 24ರಿಂದ ದೇವನಹಳ್ಳಿ. ಜಾಗ ಬದಲಾದ ಆ ರಾತ್ರಿ ಡ್ಯೂಟಿಯಲ್ಲಿದ್ದವರಲ್ಲಿ ನಾನೂ ಒಬ್ಬ.

ಬೊಮ್ಮಸಂದ್ರದ ಮೇಡಂ ಹೇಳಿದ ಕಷ್ಟ ಪೂರ್ತಿ ನಿಜ. ಆದರೆ ಅದು ರಸ್ತೆಯ ಕಷ್ಟ, ರನ್‌ವೇಯ ಕಷ್ಟ ಅಲ್ಲ. ಈ ಎರಡನ್ನು ಬೇರೆ ಮಾಡಿ ನೋಡದಿದ್ದರೆ ತಪ್ಪು ಮದ್ದಿಗೆ ದುಡ್ಡು ಸುರಿಯುತ್ತೇವೆ. ಲಂಡನ್ನಿನ ಗ್ಯಾಟ್‌ವಿಕ್ ಒಂದೇ ರನ್‌ವೇ ಬಳಸಿಕೊಂಡು ವರ್ಷಕ್ಕೆ 4 ಕೋಟಿಗಿಂತ ಹೆಚ್ಚು ಜನರನ್ನು ಸಾಗಿಸುತ್ತದೆ. ಹೀಥ್ರೊದಲ್ಲಿ ಇರುವುದು ಎರಡು ರನ್‌ವೇ, ಜನ 8 ಕೋಟಿಗೂ ಮೇಲೆ. ಮುಂಬೈನಲ್ಲಿ ಎರಡು ರನ್‌ವೇ ಒಂದನ್ನೊಂದು ಕತ್ತರಿಸುವುದರಿಂದ ಎರಡನ್ನೂ ಒಟ್ಟಿಗೆ ಬಳಸಲಾಗದು, ಆದರೂ 5 ಕೋಟಿ ದಾಟಿದೆ. ನಮ್ಮಲ್ಲಿ ಎರಡನೇ ರನ್‌ವೇ 2019ರ ಡಿಸೆಂಬರ್‌ನಲ್ಲಿ ಶುರುವಾಯಿತು. ಎರಡೂ ಸಮಾನಾಂತರ, ನಡುವೆ ಬೇಕಾದಷ್ಟು ಅಂತರ ಇದೆ, ಒಂದರಲ್ಲಿ ಇಳಿಸುತ್ತ ಇನ್ನೊಂದರಲ್ಲಿ ಏರಿಸಬಹುದು. 2024–25ರಲ್ಲಿ ಬಂದುಹೋದವರು ಸುಮಾರು 4.19 ಕೋಟಿ. 4,000 ಎಕರೆ ಆವರಣದಲ್ಲಿ ಟರ್ಮಿನಲ್ ಕಟ್ಟಲು ಇನ್ನೂ ಜಾಗ ಇದೆ. ಬೆಳಗಿನ ಜಾವ ಮತ್ತು ರಾತ್ರಿ ಸ್ಲಾಟ್ (ವಿಮಾನ ಏರಲು, ಇಳಿಯಲು ಕೊಡುವ ಸಮಯ) ಸಿಗುವುದು ಕಷ್ಟ, ಒಪ್ಪುತ್ತೇನೆ, ಆದರೆ ನಾಳೆಯೇ ಬಾಗಿಲು ಹಾಕುವ ಪರಿಸ್ಥಿತಿ ಏನಿಲ್ಲ.

ಇನ್ನು ನಿಲ್ದಾಣದ ಕಂಪನಿ ಕೇಂದ್ರ ಸರ್ಕಾರದ ಜೊತೆ ಮಾಡಿಕೊಂಡ ಒಪ್ಪಂದದ ಮಾತು. ಈಗಿನ ನಿಲ್ದಾಣ ತೆರೆದ ದಿನದಿಂದ 25 ವರ್ಷ, ಅಂದರೆ 2033ರ ಮೇವರೆಗೆ, ಮೈಸೂರು ಮತ್ತು ಹಾಸನ ಬಿಟ್ಟು 150 ಕಿ.ಮೀ. ಒಳಗೆ ಬೇರೆ ನಿಲ್ದಾಣಕ್ಕೆ ಅವಕಾಶ ಇಲ್ಲ. ಹೊಸೂರಿಗೂ ಇದೇ ಅಡ್ಡಿ. ‘ಹಾಗಿದ್ದರೆ ಈಗಲೇ ಯಾಕೆ ಅವಸರ’ ಅಂತ ನಿಮ್ಮೂರಲ್ಲಿ ಯಾರಾದರೂ ಕೇಳಿದರೆ ಅದಕ್ಕೂ ಉತ್ತರ ಇದೆ. ನವಿ ಮುಂಬೈ ನಿಲ್ದಾಣದ ಮಾತು 1990ರ ದಶಕದ್ದು. ಶಂಕುಸ್ಥಾಪನೆ ಆಗಿದ್ದು 2018ರಲ್ಲಿ, ವಿಮಾನ ಹಾರಿದ್ದು 2025ರ ಡಿಸೆಂಬರ್ 25ಕ್ಕೆ. 2033ಕ್ಕೆ ಬೇಕೆಂದರೆ ಈಗಲೇ ಜಾಗ ಗುರುತಿಸುವುದು ತಪ್ಪಲ್ಲ. ಗುರುತಿಸಿ ಹದಿನೈದು ವರ್ಷ ರೈತನನ್ನು ತೂಗುಯ್ಯಾಲೆಯಲ್ಲಿ ಇಡುವುದು ತಪ್ಪು.

ನನಗಿರುವ ದೊಡ್ಡ ಆತಂಕ ಬೇರೆ. ಎರಡು ನಿಲ್ದಾಣ ಆದರೆ ಹುಬ್ಬಳ್ಳಿಯಿಂದ ಬಂದು ದುಬೈಗೆ ಹೋಗುವವರ ಗತಿ ಏನು? ಒಂದರಲ್ಲಿ ಇಳಿದು ಇಡೀ ಬೆಂಗಳೂರು ಅಡ್ಡ ದಾಟಿ ಇನ್ನೊಂದಕ್ಕೆ ಹೋಗಬೇಕಾದರೆ ಅಷ್ಟರಲ್ಲಿ ದುಬೈ ವಿಮಾನ ಹೊರಟೇ ಹೋಗಿರುತ್ತದೆ. ಆಕಾಶದಲ್ಲಿಯೂ ಜಾಗ ಬೇಕು. ಎಚ್‌ಎಎಲ್, ಯಲಹಂಕ ವಾಯುನೆಲೆ, ಜಕ್ಕೂರು ಎಲ್ಲ ಒಂದೇ ಊರಿನ ಮೇಲಿವೆ. ಯಲಹಂಕದಲ್ಲಿ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆಯುವ ವಾರದಲ್ಲಿ ನಮ್ಮ ವೇಳಾಪಟ್ಟಿ ಎಷ್ಟು ಅದಲುಬದಲಾಗುತ್ತಿತ್ತು ಅನ್ನುವುದು ಆ ಕೆಲಸ ಮಾಡಿದವರಿಗೆ ಗೊತ್ತು.

ದೇವನಹಳ್ಳಿ ತಾಲ್ಲೂಕಿನಿಂದ

ತಮ್ಮಾ, ಬೇಕಾ ಬೇಡವಾ ಅನ್ನೋದನ್ನ ದೊಡ್ಡೋರು ತೀರ್ಮಾನ ಮಾಡ್ತಾರೆ. ನಾನು ನಿಮ್ಮನೇಲಿ ಏನಾಗುತ್ತೆ ಅನ್ನೋದನ್ನ ಹೇಳ್ತೀನಿ, ಯಾಕಂದ್ರೆ ನಮ್ಮನೇಲಿ ಆಗಿದೆ.

ಮೊದಲನೇದು ಇದು. ನಮ್ಮ ಜಮೀನು ಹೋಗಿದ್ದು ವಿಮಾನ ನಿಲ್ದಾಣಕ್ಕಲ್ಲ. ಅದು ಬಂದ ಮೇಲೆ ಬಂದ ರಸ್ತೆಗೆ, ಆಮೇಲೆ ಕೈಗಾರಿಕೆಗೆ. ನಿಮ್ಮ ಸರ್ವೆ ನಂಬರ್ ನಕ್ಷೆಯಿಂದ ಆಚೆ ಇದ್ರೆ ಬಚಾವಾದ್ವಿ ಅಂದ್ಕೋಬೇಡಿ. ರನ್‌ವೇ ಬಂದ ಹತ್ತು ವರ್ಷಕ್ಕೆ ಸುತ್ತಲಿನ ಹೋಬಳಿಗಳ ಮೇಲೆ ಕಣ್ಣು ಬೀಳುತ್ತೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಕಥೆ ನೀವು ಕೇಳಿರ್ತೀರಿ. ಏರೋಸ್ಪೇಸ್ ಪಾರ್ಕ್‌ಗೆ ಅಂತ ಹೊರಟಿದ್ರು. 2022ರಿಂದ ಸಾವಿರ ದಿನದ ಮೇಲೆ ರೈತರು ಧರಣಿ ಕೂತರು, ಕೊನೆಗೆ 2025ರ ಜುಲೈ 15ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿದ್ದೀವಿ ಅಂದ್ರು. ಅಲ್ಲಿ ದ್ರಾಕ್ಷಿ, ರೇಷ್ಮೆ, ತರಕಾರಿ ಬೆಳೆಯೋ ನೆಲ ಇನ್ನೂ ಉಸಿರಾಡ್ತಿದೆ ಅಂದ್ರೆ ಒಗ್ಗಟ್ಟಾಗಿ ಕೂತಿದ್ದಕ್ಕೆ. ನಮ್ಮ ಕಾಲದಲ್ಲಿ ನಾವು ಒಬ್ಬೊಬ್ಬರೇ ಹೋಗಿ ಸಹಿ ಹಾಕಿ ಬಂದ್ವಿ.

ನಮ್ಮ ತೋಟದಲ್ಲಿ 22 ಚಕ್ಕೋತ ಮರ ಇತ್ತು. ದೇವನಹಳ್ಳಿ ಚಕ್ಕೋತ ಅಂದ್ರೆ ಭೌಗೋಳಿಕ ಮಾನ್ಯತೆ ಪಡೆದ ಹಣ್ಣು, ತಾತ ನೆಟ್ಟಿದ್ದು. ಮಹಜರು ಮಾಡೋ ದಿನ, ಅಂದ್ರೆ ಅಧಿಕಾರಿಗಳು ಬಂದು ಜಮೀನಲ್ಲಿ ಏನೇನಿದೆ ಅಂತ ಬರ್ಕೊಳ್ಳೋ ದಿನ, ನಾವು ಯಾರೂ ಜಮೀನಲ್ಲಿ ಇರಲಿಲ್ಲ. ಪಟ್ಟಿಯಲ್ಲಿ 9 ಮರ ಬರೆದಿದ್ರು. ಉಳಿದ 13 ಮರಕ್ಕೆ ಫೋಟೊ ಇಲ್ಲ, ಸಾಕ್ಷಿ ಇಲ್ಲ. ಎರಡು ವರ್ಷ ಕಚೇರಿಗೆ ಅಲೆದ್ವಿ, ಏನೂ ಆಗಲಿಲ್ಲ.

ದುಡ್ಡು ಬಂತು, ಇಲ್ಲ ಅನ್ನಲ್ಲ. ಬಂದ ತಿಂಗಳೇ ಅತ್ತೆಯಂದಿರು ಇಬ್ಬರು ಭಾಗ ಕೇಳಿದ್ರು. ನ್ಯಾಯವಾಗಿ ಅವರಿಗೂ ಹಕ್ಕಿತ್ತು, ಅಪ್ಪ ಅವರನ್ನ ಮೊದಲೇ ಕರೆದು ಕೂರಿಸಿ ಮಾತಾಡಿರಲಿಲ್ಲ. ದಾವೆ ಬಿತ್ತು, ಹಣ ಕೋರ್ಟಲ್ಲಿ ಠೇವಣಿ ಆಯ್ತು, ಆರು ವರ್ಷ ಅಲ್ಲೇ ಇತ್ತು. ಅಷ್ಟರಲ್ಲಿ ಬೇರೆ ಕಡೆ ಜಮೀನಿನ ಬೆಲೆ ಏರಿಹೋಯ್ತು. ಅವತ್ತು ಆ ಹಣಕ್ಕೆ ಗೌರಿಬಿದನೂರು ಕಡೆ 4 ಎಕರೆ ಬರ್ತಿತ್ತು, ಕೈಗೆ ಬಂದಾಗ ಒಂದು ಎಕರೆಗೂ ಸಾಲದು. ಅಪ್ಪ ಕೊನೇ ದಿನಗಳಲ್ಲಿ ಅತ್ತೆಯರ ಜೊತೆ ಮಾತೇ ಆಡಲಿಲ್ಲ. ನನಗೆ ಮರ ಹೋಗಿದ್ದಕ್ಕಿಂತ ಅದೇ ಜಾಸ್ತಿ ನೋವು.

ಅದಕ್ಕೇ ಹೇಳೋದು, ಸಭೆಗೆ ಮುಂಚೆ ಪಹಣಿ ತೆಗೆದು ನೋಡಿ ಯಾರ ಹೆಸರಲ್ಲಿದೆ ಅಂತ. ತೀರಿಹೋದವರ ಹೆಸರಲ್ಲಿದ್ರೆ ಪೌತಿ ಖಾತೆ ಮಾಡಿಸಿ, ಅಂದ್ರೆ ವಾರಸುದಾರರ ಹೆಸರಿಗೆ ಬರೆಸಿ. ಅಣ್ಣತಮ್ಮಂದಿರು ಒಂದೇ ನಂಬರಲ್ಲಿ ಉಳುಮೆ ಮಾಡ್ತಿದ್ರೆ ಪೋಡಿ ಮಾಡಿಸಿ, ಅಳತೆ ಮಾಡಿಸಿ ಬೇರೆ ಬೇರೆ ನಂಬರ್ ಮಾಡಿಸಿ. ಅಕ್ಕತಂಗಿಯರನ್ನ ಕರೆದು ಊಟ ಹಾಕಿ, ಲೆಕ್ಕ ಈಗಲೇ ಮಾತಾಡ್ಕೊಳ್ಳಿ. ಬೋರ್‌ವೆಲ್, ಬಾವಿ, ದನದ ಕೊಟ್ಟಿಗೆ, ಒಂದೊಂದು ಮರ, ಎಲ್ಲದರ ಫೋಟೊ ದಿನಾಂಕದ ಸಮೇತ ಇಟ್ಕೊಳ್ಳಿ. ಬ್ರೋಕರ್‌ಗೆ ಅಗ್ರಿಮೆಂಟ್ ಆಗ್ಲಿ ಜಿಪಿಎ (ನಿಮ್ಮ ಪರವಾಗಿ ವ್ಯವಹಾರ ಮಾಡೋ ಅಧಿಕಾರ ಪತ್ರ) ಆಗ್ಲಿ ಬರ್ಕೊಡಬೇಡಿ, ಎರಡು ಲಕ್ಷ ಅಡ್ವಾನ್ಸ್ ಕೊಟ್ಟು ಐದು ವರ್ಷ ಕೈಕಾಲು ಕಟ್ಟಿಹಾಕ್ತಾರೆ. ಇನ್ನೊಂದು ಮಾತು ಯಾರೂ ಹೇಳಲ್ಲ. 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ಪರಿಹಾರ ನಿಗದಿ ಮಾಡೋವಾಗ ಹಿಂದಿನ 3 ವರ್ಷದಲ್ಲಿ ಸುತ್ತಮುತ್ತ ನೋಂದಣಿಯಾದ ಕ್ರಯಪತ್ರಗಳ ದರ ನೋಡ್ತಾರೆ. ಊರಲ್ಲಿ ಎಲ್ಲರೂ ಮುದ್ರಾಂಕ ಶುಲ್ಕ ಉಳಿಸೋಕೆ ಕಡಿಮೆ ಬೆಲೆ ತೋರಿಸಿ ನೋಂದಣಿ ಮಾಡಿದ್ರೆ, ನಾಳೆ ಅದೇ ಕಾಗದ ಇಡೀ ಊರಿಗೆ ಮುಳುವಾಗುತ್ತೆ.

ಕೆಲಸದ ವಿಚಾರ ಕೇಳಿದ್ರೆ, ಚಿಕ್ಕಪ್ಪನ ಮಗ ಟ್ಯಾಕ್ಸಿ ಇಟ್ಟು ಚೆನ್ನಾಗಿದ್ದಾನೆ. ನಮ್ಮೂರಿನ ಹೆಣ್ಣುಮಕ್ಕಳು ಸ್ವಚ್ಛತೆ ಕೆಲಸಕ್ಕೆ ಹೋಗ್ತಾರೆ, ಗಂಡುಮಕ್ಕಳು ಸೆಕ್ಯೂರಿಟಿ. ಡಿಗ್ರಿ ಓದಿದ ನನ್ನ ತಂಗಿ ಮಗಳು ಒಬ್ಬಳೇ ಒಳಗೆ ಕುರ್ಚಿ ಕೆಲಸದಲ್ಲಿರೋದು. ಮಕ್ಕಳನ್ನ ಓದಿಸಿದ ಮನೆಗಳಿಗೆ ನಿಲ್ದಾಣದಿಂದ ಅನುಕೂಲ ಆಯ್ತು. ಉಳಿದವರು ತಮ್ಮದೇ ಹೊಲದ ಮೇಲೆ ಎದ್ದ ಕಟ್ಟಡಕ್ಕೆ ಕಾವಲು ಕಾಯ್ತಿದ್ದಾರೆ.

ಕಾರವಾರದಿಂದ

ಎರಡನೇ ನಿಲ್ದಾಣ ಬಂದರೆ ಎಲ್ಲರಿಗೂ ಹತ್ತಿರ ಆಗುತ್ತದೆ ಎಂದುಕೊಳ್ಳುವವರಿಗೆ ನಮ್ಮ ಅನುಭವ. ಕಾರವಾರದವರಿಗೆ ವಿಮಾನ ಅಂದರೆ ಗೋವಾದ ದಾಬೋಲಿಂ. 2023ರ ಜನವರಿಯಲ್ಲಿ ಗೋವಾದ ಉತ್ತರ ತುದಿಯ ಮೋಪಾದಲ್ಲಿ ಹೊಸ ನಿಲ್ದಾಣ ಶುರುವಾಯಿತು. ದಾಬೋಲಿಂ ಮುಚ್ಚಲಿಲ್ಲ, ಸರಿ. ಆದರೆ ಎಷ್ಟೋ ವಿಮಾನಗಳು ಮೋಪಾಕ್ಕೆ ಹೋದವು. ಈಗ ನಾವು ಟಿಕೆಟ್ ತೆಗೆಯುವಾಗ ‘ಗೋವಾ’ ಎಂದಷ್ಟೇ ನೋಡಿದರೆ ಸಾಲದು, ಯಾವ ಗೋವಾ ಎಂದು ನೋಡಬೇಕು. ನಮ್ಮ ಮಾವ ಒಮ್ಮೆ ದಾಬೋಲಿಂನಲ್ಲಿ ಇಳಿಯುವ ಮಗನನ್ನು ಕರೆತರಲು ಮೋಪಾಕ್ಕೆ ಹೋಗಿ ಕಾದು ಕುಳಿತಿದ್ದರು.

ಮಾಂಟ್ರಿಯಲ್‌ನಿಂದ

ನಾನು ತುಮಕೂರಿನವನು, ಈಗ ಕೆನಡಾದಲ್ಲಿದ್ದೇನೆ. ಇಲ್ಲಿನ ಮಿರಾಬೆಲ್ ವಿಮಾನ ನಿಲ್ದಾಣದ ಹೆಸರನ್ನು ನಿಮ್ಮ ಸಭೆಯಲ್ಲಿ ಹೇಳಲೇಬೇಕು. ಹಳೆಯ ಡೋರ್ವಲ್ ನಿಲ್ದಾಣ ಸಾಲದು ಎಂದು 1969ರಲ್ಲಿ ರೈತರಿಂದ ಸುಮಾರು 97,000 ಎಕರೆ ತೆಗೆದುಕೊಂಡು, 1975ರಲ್ಲಿ ಊರಿಂದ ಬಹಳ ಆಚೆ ಹೊಸದನ್ನು ತೆರೆದರು. ವಿದೇಶಿ ವಿಮಾನ ಅಲ್ಲಿ, ದೇಶದೊಳಗಿನ ವಿಮಾನ ಹಳೆಯ ಡೋರ್ವಲ್‌ನಲ್ಲಿ. ಊರಿನಿಂದ ಕಟ್ಟುತ್ತೇವೆ ಎಂದಿದ್ದ ವೇಗದ ರೈಲು ಬರಲೇ ಇಲ್ಲ. ಜನ ಹೋಗಲಿಲ್ಲ. 2004ರಲ್ಲಿ ಪ್ರಯಾಣಿಕ ವಿಮಾನ ನಿಂತವು, ಆಮೇಲೆ ಟರ್ಮಿನಲ್ ಕಟ್ಟಡವನ್ನೇ ಕೆಡವಿದರು. ಈಗ ಸರಕು ವಿಮಾನ, ವಿಮಾನ ಜೋಡಿಸುವ ಕಾರ್ಖಾನೆ ಇವೆ. ಹೆಚ್ಚುವರಿ ಭೂಮಿಯನ್ನು 1980ರ ದಶಕದಿಂದ ರೈತರಿಗೆ ಹಿಂದಿರುಗಿಸುತ್ತ ಬಂದರು, ಅಷ್ಟರಲ್ಲಿ ಒಂದು ತಲೆಮಾರು ಚದುರಿಹೋಗಿತ್ತು.

ನಿಮ್ಮ ಕಡೆಗೆ ಹಸಿರು ಮೆಟ್ರೊ 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಬಂದು ನಿಂತಿದೆ. ಅಲ್ಲಿಂದ ಮುಂದೆ ರೈಲು ಯಾವಾಗ, ಯಾರ ದುಡ್ಡಲ್ಲಿ ಎಂದು ಕೇಳಿ. ದೇವನಹಳ್ಳಿ ನಿಲ್ದಾಣ ತೆರೆದು ಇಷ್ಟು ವರ್ಷವಾದ ಮೇಲೂ ಅದರ ನೀಲಿ ಮೆಟ್ರೊ ಮಾರ್ಗದ ಕೆಲಸವೇ ನಡೆಯುತ್ತಿದೆಯಲ್ಲ.

ಕೇಳಿದವರು: ಸೋಲೂರು ಹೋಬಳಿಯಿಂದ

ಎಲ್ಲರಿಗೂ ಋಣಿ. ದೇವನಹಳ್ಳಿ ಅಣ್ಣ ಬರೆದಿದ್ದನ್ನ ಅಪ್ಪನಿಗೆ ಓದಿ ಹೇಳಿದೆ. ಚಕ್ಕೋತ ಮರದ ಮಾತು ಬಂದಾಗ ಎದ್ದು ಹೊರಗೆ ಹೋದ್ರು. ಪಹಣಿ ನೋಡಿದ್ವಿ, ಇನ್ನೂ ತಾತನ ಹೆಸರಲ್ಲೇ ಇದೆ. ಜೊತೆಗೆ 20 ಗುಂಟೆ ಬಗರ್‌ಹುಕುಂ ಇದೆ, ಅಂದ್ರೆ ನಾವು ಉಳ್ತಿರೋ ಸರ್ಕಾರಿ ಜಮೀನು. ಸಕ್ರಮ ಮಾಡಿ ಅಂತ ಫಾರಂ 57 ಅರ್ಜಿ ಹಾಕಿದ್ದೀವಿ, ಮಂಜೂರಾಗಿಲ್ಲ. ಅದಕ್ಕೇನು ಮಾಡೋದು ಅಣ್ಣ?

ದೇವನಹಳ್ಳಿ ತಾಲ್ಲೂಕಿನಿಂದ

ಅರ್ಜಿ ಹಾಕಿದ ರಸೀದಿ ಇದೆಯಾ ನೋಡು. ಇದ್ರೆ ನಾಲ್ಕು ಜೆರಾಕ್ಸ್ ಮಾಡ್ಸಿಟ್ಕೋ. ಎಷ್ಟು ವರ್ಷದಿಂದ ಉಳ್ತಿದ್ದೀರಿ ಅನ್ನೋದಕ್ಕೆ ಏನೇನು ಕಾಗದ ಇದೆಯೋ ಎಲ್ಲ ಒಂದು ಕಡೆ ಸೇರಿಸು. ಮಂಜೂರಾಗದ ಭೂಮಿ ಸರ್ಕಾರದ್ದು ಅಂತಾನೇ ಲೆಕ್ಕ, ಪರಿಹಾರ ಬರೋದು ಬಹಳ ಕಷ್ಟ. ನಿಮ್ಮೂರಲ್ಲಿ ಇಂಥ ಮನೆ ಎಷ್ಟಿವೆ ಅಂತ ಪಟ್ಟಿ ಮಾಡಿ ಸಭೆಯಲ್ಲಿ ಅದನ್ನೇ ಮೊದಲು ಎತ್ತು. ಕಾಗದ ಇರೋರು ಮಾತಾಡೋ ಸಭೇಲಿ ಕಾಗದ ಇಲ್ಲದೋರು ಹಿಂದೆ ನಿಂತಿರ್ತಾರೆ, ನಮ್ಮೂರಲ್ಲಿ ಹಾಗೇ ಆಗಿದ್ದು.

ಕೇಳಿದವರು: ಸೋಲೂರು ಹೋಬಳಿಯಿಂದ

ಎಣಿಸಿದೆ ಅಣ್ಣ, ನಮ್ಮ ಬೀದಿಯಲ್ಲೇ 7 ಮನೆ. ಅವರ ರಸೀದಿ ಒಟ್ಟು ಮಾಡ್ತಿದ್ದೀನಿ. ಸೋಮವಾರ ಅಪ್ಪನ ಜೊತೆ ನಾಡಕಚೇರಿಗೆ ಹೋಗಿ ಪೌತಿ ಖಾತೆ ಅರ್ಜಿ ಕೊಡ್ತೀವಿ. ಭಾನುವಾರ ಅತ್ತೆಯಂದಿರು ಮೂವರನ್ನೂ ಊಟಕ್ಕೆ ಕರೆದಿದ್ದೀವಿ. ಅವತ್ತು ಬೆಳಿಗ್ಗೆ ಅಪ್ಪ ಮರ ತೋರಿಸ್ತಾರೆ, ನಾನು ಫೋಟೊ ತೆಗೀತೀನಿ.