ಜಾಂಬಿಯಾ ಸಾಲ ಮನ್ನಾ: ಚರ್ಚ್ ಪ್ರಚಾರದಲ್ಲಿ ಓಡಾಡಿದವರು ಅನುಭವ ಹೇಳಿ

ಲುಸಾಕಾದಿಂದ: ನಮ್ಮ ಚರ್ಚಿನ ಗುಂಪು ದೇಶದ ಸಾಲ ಮನ್ನಾಕ್ಕಾಗಿ ಮತ್ತೆ ಹೋರಾಟಕ್ಕೆ ಇಳಿದಿದೆ. ನಾನು ಸಹಿ ಸಂಗ್ರಹಕ್ಕೆ ಸೇರಲಾ, ಬಜೆಟ್ ಓದಿ ಸಂಸದರನ್ನು ಪ್ರಶ್ನಿಸುವ ತಂಡಕ್ಕಾ? ಸಂಜೆ ಮಾತ್ರ ಬಿಡುವು.

ಕಿಟ್ವೆ ಟೀಚರ್: ಸಹಿ, ಎರಡು ಮಾತಿಲ್ಲ. ಬಡ ದೇಶಗಳ ಸಾಲ ಮನ್ನಾ ಕೇಳಿದ ಜುಬಿಲಿ 2000 ಚಳವಳಿಯ ಕಾಲದಲ್ಲಿ ಪೂಜೆ ಮುಗಿದ ಕೂಡಲೇ ಬಾಗಿಲಲ್ಲಿ ಹಾಳೆ ಹಿಡಿದು ನಿಲ್ಲುತ್ತಿದ್ದೆವು. ಝೆರಾಕ್ಸ್ ಖರ್ಚು ನಮ್ಮದೇ. ಮಿನಿಬಸ್ ಚಾರ್ಜೂ ನಮ್ಮದೇ. ಮಳೆಗಾಲದಲ್ಲಿ ಒಂದು ಕಟ್ಟು ನೆನೆದು ಶಾಯಿ ಹರಡಿಹೋಯಿತು, ಅಷ್ಟೂ ಜನರ ಹತ್ತಿರ ಮತ್ತೆ ಹೋದೆವು. 2005ರ ಏಪ್ರಿಲ್‌ನಲ್ಲಿ ದೇಶ ಹೆಚ್‌ಐಪಿಸಿ ಅನ್ನೋ ಬಡ ದೇಶಗಳ ಸಾಲ ಮನ್ನಾ ಯೋಜನೆಯ ಕೊನೆ ಹಂತ ದಾಟಿತು. 7 ಬಿಲಿಯನ್ ಡಾಲರ್ ದಾಟಿದ್ದ ಹೊರಸಾಲ ಮರುವರ್ಷ 1 ಬಿಲಿಯನ್‌ಗಿಂತ ಕೆಳಗಿಳಿಯಿತು. ಅದೇ 2006ರಲ್ಲಿ ಹಳ್ಳಿ ಆಸ್ಪತ್ರೆಗಳ ಫೀ ರದ್ದಾಯಿತು. ಆ ಹಾಳೆ ಹಿಡಿದಿದ್ದೆ ಅನ್ನೋದು ನನಗೆ ಇವತ್ತಿಗೂ ಹೆಮ್ಮೆ.

ಎನ್‌ಡೋಲಾ ಅಳಿಯ: ಆ ಹಂತ ದಾಟುವವರೆಗೆ ಏನಾಯಿತು ಅಂತ ಯಾಕೆ ಹೇಳಲ್ಲ? 2003ರಲ್ಲೇ ಬರಬೇಕಿದ್ದ ಮನ್ನಾ ಬಜೆಟ್ ಮಿತಿ ಮೀರಿತು ಅಂತ ಮುಂದೆ ಹೋಯಿತು. ಸರ್ಕಾರಿ ಸಂಬಳದ ಖರ್ಚು ಜಿಡಿಪಿಯ 8% ದಾಟಬಾರದು ಅಂದರು. ಹೊಸ ನೇಮಕಾತಿ ನಿಂತಿತು. ನನ್ನ ಹೆಂಡತಿ ಇಲ್ಲಿಯವಳು. ಟೀಚರ್ ಟ್ರೈನಿಂಗ್ ಮುಗಿಸಿ ಸರ್ಟಿಫಿಕೇಟ್ ಇಟ್ಟುಕೊಂಡು ಮನೆಯಲ್ಲಿ ಕೂತಳು. ಕ್ಲಾಸಲ್ಲಿ ಮಕ್ಕಳಿದ್ದರು, ಮೇಡಂ ಇರಲಿಲ್ಲ. ಬಾಡಿಗೆಗೆ ಅವಳ ಹೊಲಿಗೆ ಮಷಿನ್ ಮಾರಿದೆವು. ನಿಮ್ಮ ಹೆಮ್ಮೆಯ ಬಿಲ್ಲು ನಾವು ಕಟ್ಟಿದ್ದೇವೆ.

ಕಿಟ್ವೆ ಟೀಚರ್: ಆ ಷರತ್ತು ಐಎಂಎಫ್‌ನದು, ಚರ್ಚಿನದಲ್ಲ! ಅದರ ವಿರುದ್ಧವೂ ಕೂಗಿದವರು ನಾವೇ. ಸಿಟ್ಟು ತೋರಿಸೋದಾದರೆ ಸರಿಯಾದ ಬಾಗಿಲಿಗೆ ಹೋಗಿ.

ಲೆಕ್ಕದ ಪುಸ್ತಕ: ನಾನು ಬಜೆಟ್ ತಂಡದವನು. ಸಹಿಯಿಂದ ಮನ್ನಾ ಸಿಗುತ್ತದೆ, ಹೊಸ ಸಾಲ ನಿಲ್ಲಲ್ಲ. 2012ರಲ್ಲಿ 75 ಕೋಟಿ ಡಾಲರ್ ಯೂರೋಬಾಂಡ್, ಅಂದರೆ ವಿದೇಶಿ ಹೂಡಿಕೆದಾರರಿಂದ ಎತ್ತಿದ ಸಾಲ, 2014ರಲ್ಲಿ 100 ಕೋಟಿ, 2015ರಲ್ಲಿ 125 ಕೋಟಿ. 2020ರ ನವೆಂಬರ್‌ನಲ್ಲಿ 4.25 ಕೋಟಿ ಬಡ್ಡಿಯ ಕಂತು ತಪ್ಪಿತು. ಡೊನೆಗಲ್ ಅನ್ನೋ ಫಂಡ್ ಮಾಡಿದ್ದಂತೂ ಹಗಲು ದರೋಡೆ. ರೊಮೇನಿಯಾಕ್ಕೆ ಕೊಡಬೇಕಿದ್ದ ಹಳೇ ಸಾಲವನ್ನು 1999ರಲ್ಲಿ ಸುಮಾರು 33 ಲಕ್ಷ ಡಾಲರ್‌ಗೆ ಕೊಂಡಿತು, 5.5 ಕೋಟಿ ಕೇಳಿತು, 2007ರಲ್ಲಿ ಲಂಡನ್ ಕೋರ್ಟಿನಿಂದ 1.5 ಕೋಟಿಗೂ ಜಾಸ್ತಿ ಪಡೆಯಿತು. ಸಾಲದ ಯೋಜನೆ ಪಾರ್ಲಿಮೆಂಟ್ ಒಪ್ಪಲೇಬೇಕು ಅನ್ನೋ ಕಾಯ್ದೆಗೆ 2022ರ ತನಕ ಕಾದೆವು. ಸಂಸದರ ಆಫೀಸಿನ ಬೆಂಚು ಸವೆಸಿದ್ದು ಯಾರಿಗೂ ಕಾಣಲ್ಲ, ಸಹಿ ಮಾಡಿದವರ ಫೋಟೋ ಮಾತ್ರ ಗೋಡೆ ಮೇಲೆ.

ಕಿಟ್ವೆ ಟೀಚರ್: ಫೋಟೋ ನಾವು ಕೇಳಿದ್ದಲ್ಲ.

ಹೊಸಬ: ಚೀನಾ ಸಾಲದ ಬಗ್ಗೆ ಚರ್ಚ್ ಯಾಕೆ ಸುಮ್ಮನಿದೆ? ಫಾದರ್‌ಗಳಿಗೆ ರಾಜಕೀಯ ಯಾಕೆ ಬೇಕು?

ಲೆಕ್ಕದ ಪುಸ್ತಕ: ಮೊದಲ ಪ್ರಶ್ನೆಯಲ್ಲಿ ಯಾಕೆ ಸುಮ್ಮನೆ ಅಂತೀರಿ, ಎರಡನೆಯದರಲ್ಲಿ ಯಾಕೆ ಮಾತು ಅಂತೀರಿ. ಯಾವುದಾದರೂ ಒಂದು ಹೇಳಿ. ಸುಮಾರು 6.3 ಬಿಲಿಯನ್ ಡಾಲರ್ ಮರುಹೊಂದಾಣಿಕೆಗೆ 2023ರಲ್ಲಿ ಒಪ್ಪಿದವರಲ್ಲಿ ಚೀನಾನೂ ಇದೆ.

ಎನ್‌ಡೋಲಾ ಅಳಿಯ: ಮರುಹೊಂದಾಣಿಕೆ ಮನ್ನಾ ಅಲ್ಲ ಸ್ವಾಮಿ. ಕಂತು ಮುಂದೆ ಹಾಕಿದ್ದಾರೆ, ಕಟ್ಟೋದು ನಮ್ಮ ಮಕ್ಕಳೇ.